ಗಂಗಾವತಿ ಟೇಬಲ್ಲಿನ ಸೀಳಿದ ಸ್ಲೇಟು

ಹಾಂ ಅಳಿಯಾ, ನೀ ಹಾಕಿದ ಫೋಟೋ ಎಲ್ಲಾ ನೋಡೇನಿ. ಟೈಪ್ ಮಾಡಿದ್ರ ಮುಗಿಯಂಗಿಲ್ಲ ಅಂತ ಮಾತಾಡಾಕತ್ತೀನಿ, ಉದ್ದ ಆಗ್ತೈತಿ, ಗ್ರೂಪಿನ್ಯಾಗಿನ ಎಲ್ಲಾರೂ ಸ್ವಲ್ಪ ಸಹಿಸ್ಕೊಳ್ರಿ. ಗಂಗಾವತ್ಯಾಗ ತಗೊಂಡ ಎಂಟು ಫೂಟಿನ ಹಳೇ ಪೂಲ್ ಟೇಬಲ್ಲು, ಬಟ್ಟಿ ಕೆಳಗಿನ ಹಾಸುಗಲ್ಲು ಅಂದ್ರ ಸ್ಲೇಟು ಮೂರು ತುಂಡಿನದು, ಗಾಡಿಯಿಂದ ಇಳಿಸುವಾಗ ತುದಿ ತುಂಡು ಸೀಳೇತಿ. ಅದರ ಬದ್ಲಿ ಕುಷ್ಟಗಿ ಕಡೆ ಗ್ರಾನೈಟರ ಕೊಯ್ಸಲೇನು, ಇಲ್ಲಾ ಕಡಪ ಕಲ್ಲರ ಹಾಕ್ಸಲೇನು ಅಂತ ಕೇಳಿದಿ.

ಎರಡೂ ಬ್ಯಾಡ. ಕಲ್ಲು ಗಟ್ಟಿ ಇಲ್ಲ ಅಂತಲ್ಲ, ಗ್ರಾನೈಟು ಸ್ಲೇಟಿಗಿಂತ ಗಟ್ಟೀನ. ತೊಂದ್ರಿ ಇರೋದು ಮಟ್ಟದ್ದು. ಮನಿ ನೆಲದಾಗ ಒಂದು ಮಿಲಿಮೀಟರ್ ಏರಿಳಿತ ಇದ್ರ ಯಾರ ಕಣ್ಣಿಗೂ ಬೀಳಂಗಿಲ್ಲ. ಪೂಲ್ ಟೇಬಲ್ಲಿಗೆ ಡಬ್ಲ್ಯೂಪಿಎ, ಅಂದ್ರ ಪೂಲ್ ಆಟದ ಜಾಗತಿಕ ಸಂಸ್ಥೆ, ಇಟ್ಟಿರೋ ಲೆಕ್ಕ ಕೇಳು: ಉದ್ದಕ್ಕ ಅರ್ಧ ಮಿಲಿ, ಅಗಲಕ್ಕ ಕಾಲು ಮಿಲಿ, ಎರಡು ತುಂಡು ಕೂಡೋ ಜೋಡಿನ್ಯಾಗಂತೂ 0.127 ಮಿಲಿ, ಅದಕ್ಕಿಂತ ಹೆಚ್ಚು ಏರು ಇರಬಾರದು. ಕಡಪ ಕಲ್ಲು ಮ್ಯಾಲೆ ನುಣ್ಣಗ, ಕೆಳಗ ಒರಟ, ದಪ್ಪ ಒಂದೊಂದು ಮೂಲ್ಯಾಗ ಒಂದೊಂದು ಥರ ಇರ್ತೈತಿ. ಗ್ರಾನೈಟಿಗೆ ಬಾಲು ಬೀಳೋ ಪಾಕೆಟ್ಟಿನ ಅರ್ಧಚಂದ್ರ ಕೊಯ್ದು, ಅಂಚಿನ ಹತ್ರ ತೂತು ಹಾಕೋದ್ರಾಗ ಚಕ್ಕಿ ಎದ್ದು ಬರ್ತಾವ. ಸ್ಲೇಟಂದ್ರ ನಾವು ಶಾಲ್ಯಾಗ ಬರೀತಿದ್ದ ಪಾಟಿ ಕಲ್ಲೇ. ಪದರ ಪದರ ಬಿಡ್ತೈತಿ, ತಿಕ್ಕಿದ್ರ ಮಟ್ಟ ಬರ್ತೈತಿ, ನೀರು ಕುಡಿಯಂಗಿಲ್ಲ, ತೂತಿಗೂ ಒಗ್ತೈತಿ. ಹಂಗಂತ ಸ್ಲೇಟಿಗೆ ಹೆಸರಾದ ಆಂಧ್ರದ ಮಾರ್ಕಾಪುರದಿಂದ ಬರೇ ಚಪ್ಪಡಿ ತರಬ್ಯಾಡ. ಬಿಲಿಯರ್ಡ್ಸ್ ಮಟ್ಟಕ್ಕ ಗ್ರೈಂಡ್ ಆಗಿರದಿದ್ರ ಅದೂ ನೆಲದ ಕಲ್ಲೇ.

ಮೊದ್ಲು ಬದಲಿಸಲೇಬೇಕೇನು ನೋಡು. ಬರೇ ಪಾಕೆಟ್ಟಿನ ಮೂಲಿ ಕೊಂಬು, ಅಂದ್ರ ಅರ್ಧಚಂದ್ರದ ಬದಿಯ ಚೂಪು ತುದಿ, ಮುರಿದಿದ್ರ ಅರಾಲ್ಡೈಟ್ ಅಂಟು ಹಚ್ಚಿ, ಕ್ಲಾಂಪ್ ಬಿಗಿದು, ಒಂದು ದಿನ ಬಿಟ್ರ ಸಾಕು. ಆ ಜಾಗ ಹೆಚ್ಚಾಗಿ ಕುಶನ್ನಿನ, ಅಂದ್ರ ಬಾಲು ಬಡಿದು ತಿರುಗೋ ರಬ್ಬರ್ ಅಂಚಿನ, ಕೆಳಗ ಹೋಗ್ತೈತಿ. ಆದ್ರ ನಿನ್ನ ಫೋಟೋದಾಗ ಸೀಳು ಬೋಲ್ಟಿನ ತೂತಿನಿಂದ ಹೊಂಟು ಆಡೋ ಜಾಗದ ನಡುವ ಹಾದೈತಿ. ಅದನ್ನ ಅಂಟಿಸಿದ್ರೂ ಬೋಲ್ಟ್ ಬಿಗಿದಾಗ ಮತ್ತ ಬಾಯಿ ಬಿಡ್ತೈತಿ. ಬದಲಿಸು. ಉಳಿದ ಎರಡು ತುಂಡನ್ನೂ ನಿಲ್ಲಿಸಿ, ಕಟ್ಟಿಗಿ ಹಿಡಿಕಿಯಿಂದ ಮೆಲ್ಲಗ ಬಡಿ. ಠಣ್ ಅಂದ್ರ ಛಲೋ ಐತಿ, ಡಬ್ ಅಂದ್ರ ಒಳಗ ಸೀಳೈತಿ. ಹಳೇ ಸ್ಲೇಟು ಕೊಳ್ಳಾಕ ಹೋದಾಗೂ ಇದನ್ನ ಮಾಡು.

ಈಗ ಅಳತಿ. ಮೂರೂ ತುಂಡು ಒಂದೇ ಸೆಟ್ಟಂತ ಕೂಡಿಸಿ ಗ್ರೈಂಡ್ ಮಾಡಿರ್ತಾರ, ಅಂಚಿನ ಮ್ಯಾಲೆ ನಂಬರ್ ಇರ್ತೈತಿ, ಗುರ್ತು ಹಾಕ್ಕೋ. ದಪ್ಪ ಅಳಿಯೋ ವರ್ನಿಯರ್ ಹಿಡಿದು ನಾಲ್ಕು ಕಡೆ ದಪ್ಪ ನೋಡು. 19 ಮಿಲಿನೂ ಇರ್ತಾವ, 22ನೂ ಇರ್ತಾವ, 25ನೂ ಇರ್ತಾವ. ಬ್ಯಾರೆ ಟೇಬಲ್ಲಿನ ತುಂಡು ಒಂದೆರಡು ಮಿಲಿ ತೆಳ್ಳಗಿದ್ರ ಕೆಳಗ ಪ್ಯಾಕಿಂಗ್, ಅಂದ್ರ ತೆಳ್ಳನ ತುಂಡು, ಕೊಟ್ಟು ಏರಿಸಬಹುದು, ದಪ್ಪ ಆದ್ರ ಉಳಿದ ಎರಡನ್ನೂ ಏರಿಸ್ಬೇಕಾಗ್ತೈತಿ. ದಪ್ಪ ಬದಲಾದ್ರ ಕುಶನ್ ಬೋಲ್ಟಿನ ಉದ್ದಾನೂ ಬದಲಾಗ್ಬೇಕು, ಇದನ್ನ ಭಾಳ ಮಂದಿ ಮರೀತಾರ. ಎಂಟು ಫೂಟು ಅಂದ್ರೂ ಎಲ್ಲಾ ಒಂದೇ ಅಲ್ಲ. ಕುಶನ್ನಿನ ಬಾಲು ತಾಕೋ ಮುಂದಿನ ತುದಿಗೆ ಮೂಗು ಅಂತಾರ, ಆ ಮೂಗಿನಿಂದ ಮೂಗಿಗೆ 44 ಇಂಚು 88 ಇಂಚು ಒಂದು, 46 ಮತ್ತ 92 ಇನ್ನೊಂದು. ಬೋಲ್ಟಿನ ತೂತಂತೂ ಕಂಪನಿಗೊಂದು ಥರ. ಅದಕ್ಕ ಒಡದ ತುಂಡು ಎಸೀಬ್ಯಾಡ. ಪ್ಲೈವುಡ್ಡಿನ ಮ್ಯಾಲೆ ಜೋಡಿಸಿ ಇಟ್ಟು ಅಂಚು, ಪಾಕೆಟ್ಟು, ತೂತು ಎಲ್ಲಾ ಗೀಚಿ ನಮೂನಿ ತಗಿ. ಸಾಧ್ಯ ಇದ್ರ ಒಂದೇ ತುಂಡು ಹುಡುಕೋದ್ಕಿಂತ ಪೂರಾ ಸೆಟ್ಟೇ ತಗೊಳ್ಳೋದು ವಾಸಿ.

ತೂತು ಹೊಸದಾಗಿ ಹಾಕ್ಬೇಕಾಗಿ ಬಂದ್ರ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡು, ಅದೊಂದು ಏಟಿಗೆ ಪದರ ಬಿಡ್ತೈತಿ. ಕೆಳಗ ಕಟ್ಟಿಗಿ ಒತ್ತಿಟ್ಟು, ಸಣ್ಣ ಬಿಟ್ಟಿನಿಂದ ಶುರು ಮಾಡಿ, ನೀರು ಹನಿಸ್ಕೋತ ಮೆಲ್ಲಗ ಹೋಗು. ಕರೆಂಟಿನ ಡ್ರಿಲ್ಲಿಗೆ ನೀರು ಸಿಡಿಯದಂಗ ನೋಡ್ಕೋ. ಮಾಸ್ಕ್ ಇಲ್ಲದ ಮಾಡಬ್ಯಾಡ, ಕೈ ಮುಗೀತೀನಿ. ಮಧ್ಯಪ್ರದೇಶದ ಮಂದಸೌರಿನ ಬಳಪದ ಕಾರ್ಖಾನಿ ಕೆಲಸದವ್ರಿಗೆ ಸಿಲಿಕೋಸಿಸ್ ಅನ್ನೋ ಪುಪ್ಪುಸದ ರೋಗ ಆಗಿದ್ದು ಇಂಥಾ ಕಲ್ಲಿನ ಧೂಳಿನಿಂದನ.

ಎತ್ತೋದು ಹೆಂಗ ಅಂದ್ರ, ಒಂದಿಂಚಿನ ಸ್ಲೇಟಿಗೆ ತುಂಡಿಗೆ ಸುಮಾರು 70 ಕೆ.ಜಿ. ಆಗ್ತೈತಿ. ಕಿಟಕಿ ಗಾಜಿನಂಗ ಅಂಚಿನ ಮ್ಯಾಲೆ ನಿಲ್ಲಿಸೇ ಒಯ್ಯಬೇಕು. ಅಡ್ಡ ಮಲಗಿಸಿ ಎರಡೂ ತುದಿಗೆ ಹಿಡಿದ್ರ ತನ್ನ ಭಾರಕ್ಕೇ ನಡುವ ಸೀಳ್ತೈತಿ, ನಿಮ್ದೂ ಹಂಗ ಆಗಿರ್ಬೇಕು. ಪಾಕೆಟ್ಟಿನ ಕೊಂಬಿನ ಮ್ಯಾಲೆ ಊರಬ್ಯಾಡ, ಗಾಡಿಯೊಳಗೂ ನಿಲ್ಲಿಸಿ, ನಡುವ ಗೋಣಿಚೀಲ ಹಾಕಿ ಕಟ್ಟು.

ಬಿಚ್ಚೋದು ಹೆಚ್ಚು ಕೆಲಸ ಅಲ್ಲ: ಪಾಕೆಟ್ಟು, ಕುಶನ್ನು, ಬಟ್ಟಿ, ಜೋಡಿನ ಪುಟ್ಟಿ ಕೆರೆದು ಸ್ಕ್ರೂ. ಪುಟ್ಟಿ ತುಂಬಿ ಮುಚ್ಚಿಹೋದ ಸ್ಕ್ರೂ ಒಂದು ಉಳಿದ್ರೂ ಎತ್ತುವಾಗ ಮೂಲಿ ಕಿತ್ತು ಬರ್ತೈತಿ, ಎಲ್ಲಾ ಎಣಿಸ್ಕೋ.

ಜೀವ ಇರೋದು ಕೂಡಿಸೋದ್ರಾಗ. ಸ್ಲೇಟು ಇಡೋಕಿಂತ ಮೊದ್ಲು ಕಟ್ಟಿಗಿ ಚೌಕಟ್ಟು ಮಟ್ಟ ಮಾಡು. ಗೌಂಡ್ಯಾರ ರಸಮಟ್ಟ ಚೌಕಟ್ಟಿಗೆ ನಡೀತೈತಿ, ಸ್ಲೇಟಿಗೆ ಸಾಲಂಗಿಲ್ಲ. ಅದಕ್ಕ ಲೇಥ್ ವರ್ಕ್‌ಶಾಪಿನ ಮಷಿನ್ ಲೆವೆಲ್, ಅಂದ್ರ ಇನ್ನೂ ಸೂಕ್ಷ್ಮ ತೋರ್ಸೋ ಮಟ್ಟ, ಕೇಳಿ ತಗೊಂಬಾ. ನಡುವಿನ ತುಂಡು ಮೊದ್ಲು, ಅದು ಉದ್ದಕ್ಕ ಅಗಲಕ್ಕ ಮಟ್ಟ ಆದ ಮ್ಯಾಲೆ ತುದಿ ತುಂಡು ಅದಕ್ಕ ತಾಕಿಸು. ಸೆಟ್ಟಿನ ತುಂಡಾದ್ರ ಜೋಡಿನ ಪಿನ್ನು ತಾನಾಗೇ ತೂತಿಗೆ ಕೂಡ್ತಾವ, ಬ್ಯಾರೆ ಟೇಬಲ್ಲಿಂದಾದ್ರ ಪಿನ್ ತಗದು ಸ್ಕ್ರೂ ಮ್ಯಾಲೇ ನಿಲ್ಲಿಸ್ಬೇಕು. ಪ್ಯಾಕಿಂಗಿಗೆ ಇಸ್ಪೀಟ್ ಎಲಿ, ತೆಳ್ಳನ ಹಿತ್ತಾಳಿ ತಗಡು ಬಳಸು. ರಬ್ಬರ್, ಮಡಚಿದ ರಟ್ಟು ಬ್ಯಾಡ, ಭಾರಕ್ಕ ಕುಗ್ತಾವ. ಸ್ಕ್ರೂ ತಲಿ ಸ್ಲೇಟಿನೊಳಗ ಮುಳುಗಬೇಕು. ಒಂದೇ ಸಲ ಬಿಗಿಬ್ಯಾಡ, ಸ್ವಲ್ಪ ಬಿಗಿ, ಲೆವೆಲ್ ನೋಡು, ಮತ್ತ ಬಿಗಿ. ಕೆಳಗ ಸಂದು ಇದ್ದಲ್ಲಿ ಜೋರಾಗಿ ಬಿಗಿದ್ರ ಸ್ಲೇಟು ಬಾಗ್ತೈತಿ, ಆಮ್ಯಾಲೆ ಸೀಳ್ತೈತಿ. ಜೋಡಿನ ಮ್ಯಾಲೆ ಉಗುರು ಅಡ್ಡ ಎಳಿ. ತಡೆದ್ರ ಅಲ್ಲಿ ಇನ್ನೂ ಏರೈತಿ ಅಂತ ತಿಳ್ಕೋ.

ಜೋಡು ತುಂಬಾಕ ಜೇನುಮೇಣ ಹಳೇ ಪದ್ಧತಿ, ತಣ್ಣನ ಊರಿಗೆ ಛಲೋ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಏಪ್ರಿಲ್ ಬಿಸಿಲಿಗೆ ತಗಡಿನ ಹಾಲ್‌ ಒಳಗ ಮೇಣ ಮೆತ್ತಗಾಗಿ ಇಳೀತೈತಿ, ಬಟ್ಟಿ ಕೆಳಗ ಗೆರಿ ಬೀಳ್ತೈತಿ. ಕಾರಿನ ಬಾಡಿಗೆ ಹಾಕೋ, ಹಾರ್ಡ್ನರ್ ಕೂಡಿಸಿ ಕಲಸೋ ಪುಟ್ಟಿ ಹಾಕು. ಗಟ್ಟಿ ಮಾಡೋ ಹಾರ್ಡ್ನರ್ ನೂರು ಗ್ರಾಮಿಗೆ ಎರಡು ಗ್ರಾಂ ಸಾಕು. ಬಿಸಿಲಿನಾಗ ಲಗೂನ ಗಟ್ಟಿ ಆಗ್ತೈತಿ, ಒಂದೊಂದು ಜೋಡಿಗೆ ಎಷ್ಟೋ ಅಷ್ಟೇ ಕಲಸು. ಒಣಗಿದ ಮ್ಯಾಲೆ ಕಟ್ಟಿಗಿ ತುಂಡಿಗೆ 120 ನಂಬರ್ ಪೇಪರ್ ಸುತ್ತಿ ತಿಕ್ಕು. ಬಟ್ಟಿ ಹಾಕೋ ಮುಂಚೆ ಧೂಳು ಪೂರಾ ತಗಿ, ಒಂದು ಹಳ್ಳು ಉಳಿದ್ರೂ ಬಾಲು ಅಲ್ಲೇ ಹಾರ್ತೈತಿ.

ಕುಶನ್ ಕೂಡಿಸಿದ ಮ್ಯಾಲೆ ಮೂಗಿನ ಎತ್ತರ ಅಳಿ. ಬಾಲಿನ ಎತ್ತರದ ನೂರಕ್ಕ 63.5 ಇರಬೇಕು, ಒಂದು ಹೆಚ್ಚುಕಡಿಮಿ ನಡೀತೈತಿ. 57 ಮಿಲಿ ಬಾಲಿಗೆ ಅದು 36 ಮಿಲಿ ಮ್ಯಾಲೆ ಸ್ವಲ್ಪ. ಕಡಿಮಿ ಆದ್ರ ಬಾಲು ಜಿಗೀತೈತಿ. ಬೋಲ್ಟನ್ನ ನಡುವಿಂದ ಎರಡೂ ತುದಿ ಕಡೆ ಬಿಗಿದ್ಕೋತ ಹೋಗು.

ಇನ್ನೊಂದು, ಟೇಬಲ್ಲು ಇಡೋ ನಿಮ್ಮ ಹಾಲ್ ಎರಿಭೂಮಿ ಮ್ಯಾಲೆ ಐತಿ. ಕಾಲುವಿ ನೀರು ಬಂದಾಗ ಉಬ್ಬಿ, ಬ್ಯಾಸಗ್ಯಾಗ ಬಿರಿತೈತಿ, ನೆಲ ಅದರ ಜೋಡಿ ಏರಿಳೀತೈತಿ. ಕೂಡಿಸಿ ಒಂದು ತಿಂಗಳಾದ ಮ್ಯಾಲೆ ಒಮ್ಮೆ, ಆಮ್ಯಾಲೆ ಮಳಿಗಾಲ ಮುಗಿದ ಮ್ಯಾಲೆ ಒಮ್ಮೆ ಲೆವೆಲ್ ಇಟ್ಟು ನೋಡು. ಆಗ ಸ್ಲೇಟು ಮುಟ್ಟೋದು ಬ್ಯಾಡ, ಕಾಲಿನ ಕೆಳಗಿನ ಅಡ್ಜಸ್ಟರ್ ತಿರುವಿದ್ರ ಸಾಕು.