5 ದಿನದ ಮಗುವಿಗೆ ಕಾಮಾಲೆ, ನೆಲನೆಲ್ಲಿ ಕೊಡಬಹುದಾ?

ಹಾಸನದವಳು, ರೆಡಿಂಗ್:
ಇಂಗ್ಲೆಂಡಿನ ಕನ್ನಡಿಗರೆಲ್ಲರಿಗೂ ನಮಸ್ಕಾರ. ಮಗಳು ಹುಟ್ಟಿ ಇವತ್ತಿಗೆ 5 ದಿನ. ನಿನ್ನೆಯಿಂದ ಕಣ್ಣು ಹಳದಿಯಾಗಿದೆ. ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತಾಳೆ. ಬಾಣಂತನಕ್ಕೆ ಬಂದಿರುವ ಅತ್ತೆ ಊರಿಂದ ನೆಲನೆಲ್ಲಿ ಪುಡಿ ತಂದಿದ್ದಾರೆ. ಜೇನಲ್ಲಿ ಕಲಸಿ ಒಂಚೂರು ನೆಕ್ಕಿಸೋಣ ಅಂತಾರೆ. ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಏನು ಮಾಡಲಿ?

ಮಕ್ಕಳ ವಾರ್ಡ್ ನರ್ಸ್, ಲೆಸ್ಟರ್:
ಕೊಡಬೇಡಮ್ಮ. ನೆಲನೆಲ್ಲಿಯನ್ನು ಮಜ್ಜಿಗೆಯಲ್ಲಿ ಅರೆದು ಕೊಡುತ್ತಿದ್ದದ್ದು ದೊಡ್ಡವರ ಕಾಮಾಲೆಗೆ. ಕೂಸಿನದು ಬೇರೆ. ರಕ್ತಕಣ ಒಡೆದು ಬರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಎಳೆ ಲಿವರ್ ಬೇಗ ಹೊರಹಾಕಲಾರದು. ಅದು ತೀರಾ ಏರಿದರೆ ಮಿದುಳಿಗೇ ಪೆಟ್ಟು. ಜೇನಂತೂ 1 ವರ್ಷ ತುಂಬುವ ತನಕ ಬೇಡವೇ ಬೇಡ. ಈಗಲೇ ಮಿಡ್‌ವೈಫ್‌ಗೆ ಫೋನ್ ಮಾಡಿ, ಇವತ್ತೇ ಪರೀಕ್ಷೆ ಆಗಲಿ. ಸಿಗದಿದ್ದರೆ ಆರೋಗ್ಯ ಸಹಾಯವಾಣಿ 111. 2-3 ಗಂಟೆಗೊಮ್ಮೆ ಎಬ್ಬಿಸಿ ಹಾಲು ಕೊಡಿ. ಎಬ್ಬಿಸಿದರೂ ಏಳದಿದ್ದರೆ ಆಂಬುಲೆನ್ಸ್‌ಗೆ 999. ಮಲ ಸುಣ್ಣದ ಹಾಗೆ ಬಿಳಚಿಕೊಂಡಿದೆಯಾ?

30 ವರ್ಷದಿಂದ ಸ್ಲೌನಲ್ಲಿ:
ಬಾಣಂತಿಯನ್ನು ಹೀಗೆ ಹೆದರಿಸಬಾರದು. ನನ್ನ ಮೂರೂ ಮಕ್ಕಳಿಗೆ ಹಳದಿಯಾಗಿತ್ತು. ನಮ್ಮಮ್ಮ ಕಾಲು ಚಾಚಿ, ಮೇಲೆ ಮಗು ಮಲಗಿಸಿ ಎಳೆ ಬಿಸಿಲಿಗೆ ಕೂರುತ್ತಿದ್ದರು. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮದನ್ನೆಲ್ಲ ಬಿಟ್ಟೆವು. ಈಗ ಮೊಮ್ಮಕ್ಕಳಿಗೆ ಕನ್ನಡವೂ ಇಲ್ಲ. ಹಿರಿಯರ ಮಾತು ಮೀರಬೇಡಿ.

ಮಿಲ್ಟನ್ ಕೀನ್ಸ್:
ನಿಜ ಆಂಟಿ. ನನ್ನ ಹೆರಿಗೆಗೆ ಅಮ್ಮನಿಗೆ ವೀಸಾ ಸಿಗಲಿಲ್ಲ. ಸ್ನಾನ ಮಾಡಿಸೋದನ್ನೂ ವಿಡಿಯೋ ಕಾಲ್‌ನಲ್ಲೇ ಕಲಿತೆ. ಅತ್ತೆ ಮನೆಯಲ್ಲಿರೋದೇ ಪುಣ್ಯ.

ಶಿರಸಿಯವನು, ಮ್ಯಾಂಚೆಸ್ಟರ್:
ಆಂಟಿ, ನಾವೂ ಬಿಸಿಲು ನಂಬಿ ಮಗನನ್ನು 2 ದಿನ ಕಿಟಕಿ ಪಕ್ಕ ಮಲಗಿಸಿದ್ದೆವು. ಕೊನೆಗೆ ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಇಟ್ಟರು. ಅವನಿಗೆ ಜಿ-6-ಪಿಡಿ ಕೊರತೆ, ಅಂದರೆ ರಕ್ತಕಣ ಕಾಯುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ. ಊರಿಂದ ತಂದ ಹಳೇ ಬಟ್ಟೆಯಲ್ಲಿ ನುಸಿಗುಳಿಗೆ ಇತ್ತು, ಅಂಥ ಮಕ್ಕಳಿಗೆ ಅದರ ವಾಸನೆಯೇ ರಕ್ತಕಣ ಒಡೆಯುತ್ತದೆ. ಬಟ್ಟೆಯನ್ನೂ ನೋಡಿ ತಂಗಿ.

30 ವರ್ಷದಿಂದ ಸ್ಲೌನಲ್ಲಿ:
ನುಸಿಗುಳಿಗೆ ಯಾರ ಮನೆಯಲ್ಲಿರಲಿಲ್ಲಪ್ಪ? ನಾವೆಲ್ಲ ಬೆಳೆಯಲಿಲ್ವಾ?

ಹಾಸನದವಳು, ರೆಡಿಂಗ್:
ಫೋನ್ ಮಾಡಿದೆ. 3 ಗಂಟೆಗೆ ಬರಲು ಹೇಳಿದ್ದಾರೆ, ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರಂತೆ. ಮಲ ಸಾಸಿವೆ ಹಳದಿಯೇ ಇದೆ. ಅತ್ತೆಯೂ ಬರುತ್ತಿದ್ದಾರೆ. ಪುಡಿ ಡಬ್ಬಿ ಬ್ಯಾಗಿಗೆ ಹಾಕಿಕೊಂಡಿದ್ದಾರೆ, ಡಾಕ್ಟರನ್ನೇ ಕೇಳುತ್ತಾರಂತೆ.

30 ವರ್ಷದಿಂದ ಸ್ಲೌನಲ್ಲಿ:
ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಹೋಗಮ್ಮ, ಗಾಳಿ ಜಾಸ್ತಿ ಇದೆ. ಸಂಜೆ ಮೆಣಸಿನ ಸಾರು ಮಾಡಿ ತರುತ್ತೇನೆ.