ಮನೆಯಲ್ಲಿ ಕಟ್ಟಿದ ಗಾಡಿಗೆ ನೋಂದಣಿ ಸಿಗುತ್ತದೆಯೇ? – ಪ್ರಶ್ನೋತ್ತರ

ನಿರ್ವಾಹಕರು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳೆಯ ವಾಹನಪ್ರಿಯರ ಈ ಗುಂಪಿನಲ್ಲಿ ನಿವೃತ್ತ ಮೋಟಾರು ವಾಹನ ನಿರೀಕ್ಷಕರೊಬ್ಬರಿದ್ದಾರೆ. ಮಾರ್ಪಡಿಸಿದ ಮತ್ತು ಕೈಯಾರೆ ಕಟ್ಟಿದ ವಾಹನಗಳ ನೋಂದಣಿಯ ಬಗ್ಗೆ ನಿಮ್ಮ ಪ್ರಶ್ನೆಗಳಿಗೆ ಇಂದು ಅವರು ಉತ್ತರಿಸುತ್ತಾರೆ.

ತಿಪಟೂರಿನ ಸದಸ್ಯ: ಬಿಳಿ ಕಾರಿಗೆ ಕಡುಹಸಿರು ಬಣ್ಣ ಹೊಡೆಸಬಹುದೇ, ಸಾರ್?

ನಿರೀಕ್ಷಕರು: ಹೊಡೆಸಬಹುದು. ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಬಣ್ಣ ನಮೂದಾಗಿರುವುದರಿಂದ ಮೊದಲು ಅರ್ಜಿ ಕೊಟ್ಟು, ಆಮೇಲೆ ತಿದ್ದಿಸಿಕೊಳ್ಳಿ.

ಶಿರಾ ಗೇಟಿನ ಸದಸ್ಯ: 1973ರಲ್ಲಿ ನೋಂದಣಿಯಾದ ಮಹೀಂದ್ರಾ ಸಿಜೆ 3ಬಿ ಜೀಪು ನನ್ನಲ್ಲಿದೆ. ಅಮೆರಿಕದವರು 1932ರ ಫೋರ್ಡ್ ಕಾರುಗಳನ್ನು ಬಿಚ್ಚಿ ಕಟ್ಟಿದ ಹಾಟ್ ರಾಡ್‌ಗಳನ್ನು ನೋಡಿ, ಅದೇ ಧಾಟಿಯಲ್ಲಿ ಇದನ್ನು ಕಟ್ಟಿಸುತ್ತಿದ್ದೇನೆ. ಚಾಸಿಯನ್ನು (ಗಾಡಿಯ ಅಡಿಯ ಚೌಕಟ್ಟನ್ನು) ಎಂಟು ಇಂಚು ಕತ್ತರಿಸಿ ಬೆಸುಗೆ ಹಾಕಿಸಿದ್ದೇನೆ. ಪೆಟ್ರೋಲ್ ಎಂಜಿನ್ ತೆಗೆದು ಗುಜರಿಯಿಂದ ತಂದ ದೊಡ್ಡ ಡೀಸೆಲ್ ಎಂಜಿನ್ ಕೂರಿಸಿದ್ದೇನೆ. ಚಾಸಿ ನಂಬರಿದ್ದ ತುಂಡು ಕತ್ತರಿಸುವಾಗ ಹೋಯಿತು. ಹೊಸ ಪಟ್ಟಿಯ ಮೇಲೆ ಅದೇ ನಂಬರನ್ನು ಪಂಚ್ ಮಾಡಿಕೊಡುತ್ತೇವೆ ಎಂದು ವರ್ಕ್‌ಶಾಪಿನವರು ಹೇಳುತ್ತಿದ್ದಾರೆ. ಮುಂದಿನ ತಿಂಗಳು ದೇವರಾಯನದುರ್ಗಕ್ಕೆ ಓಡಿಸಬೇಕೆಂದಿದ್ದೇನೆ. ಕಾಗದಪತ್ರಕ್ಕೆ ಏನು ಮಾಡಲಿ?

ನಿರೀಕ್ಷಕರು: ಪಂಚ್ ಮಾಡುವ ಆ ಕೆಲಸವನ್ನು ಇಂದೇ, ಈ ಗಳಿಗೆಯಲ್ಲೇ ನಿಲ್ಲಿಸಿ. ಉಳಿದ ತಪ್ಪುಗಳನ್ನು ಸರಿಪಡಿಸಲು ಏನಾದರೊಂದು ದಾರಿ ಹುಡುಕಬಹುದು. ನಂಬರನ್ನು ಮರುಸೃಷ್ಟಿಸಿದರೆ ಅದು ಮಾರ್ಪಾಡಿನ ಪ್ರಶ್ನೆಯಾಗಿ ಉಳಿಯದೆ ಕ್ರಿಮಿನಲ್ ಪ್ರಕರಣವಾಗುತ್ತದೆ. ಕದ್ದ ಗಾಡಿಗಳಿಗೆ ಹೊಸ ಹುಟ್ಟು ಕೊಡುವವರು ಮಾಡುವುದೂ ಇದೇ ಕೆಲಸವಾದ್ದರಿಂದ, ನಿಮ್ಮ ಉದ್ದೇಶ ಒಳ್ಳೆಯದಿತ್ತು ಎಂದು ಸಾಬೀತುಪಡಿಸುವ ಹೊರೆ ನಿಮ್ಮ ತಲೆಯ ಮೇಲೆ ಬೀಳುತ್ತದೆ. ಕಾಗದವನ್ನು ಚಾಸಿಯ ಮೇಲೆ ಒತ್ತಿಹಿಡಿದು ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆಯುವುದನ್ನು ನೀವೂ ನೋಡಿರುತ್ತೀರಿ. ಸುತ್ತಿಗೆಯಲ್ಲಿ ಹೊಡೆದ ಅಂಕಿಗಳಲ್ಲಿ ಒಂದು ಆಳವಾಗಿ, ಇನ್ನೊಂದು ಓರೆಯಾಗಿ ಕಾಗದದ ಮೇಲೆ ಮೂಡುತ್ತದೆ. ಸುತ್ತ ಗ್ರೈಂಡರ್ ಉಜ್ಜಿದ ಗೆರೆಗಳೂ ಕಾಣುತ್ತವೆ. ಪಳಗಿದ ಕಣ್ಣಿಗೆ ಅರೆನಿಮಿಷ ಸಾಕು.

ಕಾನೂನಿನ ಮಾತಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸಕೂಡದು. ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಬದಲಾವಣೆಯನ್ನು ಆ ಕಲಮು ಮಾರ್ಪಾಡು ಎನ್ನುತ್ತದೆ, ಮತ್ತು ಚಾಸಿಗಿಂತ ಮೂಲವಾದದ್ದು ಜೀಪಿನಲ್ಲಿ ಬೇರೇನಿದೆ? 182ಎ ಕಲಮಿನಡಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇದನ್ನು ಹೊಸ ಗಾಡಿಯೆಂದು ನೋಂದಾಯಿಸೋಣವೆಂದರೆ ನಮೂನೆ 21ರ ಮಾರಾಟ ಪತ್ರ, ನಮೂನೆ 22ರ ರಸ್ತೆಯೋಗ್ಯತೆಯ ಪ್ರಮಾಣಪತ್ರ ಬೇಕು. ಎರಡನೆಯದನ್ನು ಕೊಡಬೇಕಾದವರು ತಯಾರಕರು. ನಿಮ್ಮ ಗಾಡಿಗೆ ಜವಾಬ್ದಾರಿ ಹೊತ್ತು ಸಹಿ ಹಾಕುವ ತಯಾರಕರು ಯಾರೂ ಇಲ್ಲ.

ನನಗೆ ನಿಜವಾಗಿ ಸಂಕಟವಾದದ್ದು ಮುಂದಿನ ವಿಷಯಕ್ಕೆ. 2021ರಲ್ಲಿ ಬಂದ ವಿಂಟೇಜ್ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ ಮತ್ತು ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಿಲ್ಲದೆ ಮೂಲರೂಪದಲ್ಲಿ ಉಳಿದಿರುವ ಸ್ವಂತ ಬಳಕೆಯ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷದ ನೋಂದಣಿಯೂ ಹೊಸದಾಗಿ ನೋಂದಾಯಿಸುವುದಾದರೆ ‘ವಿಎ’ ಅಕ್ಷರಗಳುಳ್ಳ ನಂಬರೂ ಸಿಗುತ್ತವೆ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗಳಿಗೆ ರಸ್ತೆಗಿಳಿಸಬಹುದು. ನಿಮ್ಮ ಜೀಪು ಇದ್ದ ಹಾಗೆ ಇದ್ದಿದ್ದರೆ ಈ ಬಾಗಿಲು ತಟ್ಟಬಹುದಿತ್ತು. ಗ್ಯಾಸ್ ಕಟರ್ ಹಚ್ಚುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಬೇಕಿತ್ತು, ಮಗು.

ದೇವರಾಯನದುರ್ಗದ ಆಸೆಯನ್ನು ಸದ್ಯಕ್ಕೆ ಬಿಡಿ. ಆ ಜೀಪಿನ ನಾಲ್ಕೂ ಚಕ್ರಗಳ ಡ್ರಮ್ ಬ್ರೇಕ್ 2.2 ಲೀಟರಿನ ಹಳೆಯ ಎಂಜಿನ್ನಿನ ವೇಗಕ್ಕೆ ಹೊಂದಿಸಿದ್ದು. ಭಾರದ ಎಂಜಿನ್ ಹೊತ್ತು ತಿರುವಿನ ಇಳಿಜಾರಿನಲ್ಲಿ ಬರುವಾಗ ಡ್ರಮ್ ಕಾದರೆ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ. ಚಾಸಿ ಬಿರುಕು ಬಿಡುವುದು ಹೆಚ್ಚಾಗಿ ಬೆಸುಗೆಯ ಪಕ್ಕದಲ್ಲಿ, ಕಾದು ಆರಿದ ಲೋಹದಲ್ಲಿ. ಅಪಘಾತವಾದ ಇಂಥದ್ದೇ ಒಂದು ಗಾಡಿಯನ್ನು ನಾನು ಪರಿಶೀಲಿಸಿದ್ದೆ. ಬೆಸುಗೆ ಅಚ್ಚುಕಟ್ಟಾಗಿತ್ತು, ಅದರಿಂದ ಒಂದು ಬೆರಳು ಆಚೆ, ಬಣ್ಣದಡಿಯಿಂದ ಕೂದಲೆಳೆಯಷ್ಟು ತುಕ್ಕಿನ ಗೆರೆ ಇಳಿದಿತ್ತು. ಓಡಿಸುತ್ತಿದ್ದವನಿಗೆ ಇಪ್ಪತ್ತೆರಡು ವರ್ಷ.

ಮಾಲೂರಿನ ಸದಸ್ಯ: ಲೇತ್ ಶಾಪಿನಲ್ಲಿ ನಾಲ್ಕು ಚಕ್ರದ ಬ್ಯಾಟರಿ ಬಗ್ಗಿ (ಪುಟ್ಟ ತೆರೆದ ಗಾಡಿ) ಕಟ್ಟಿದ್ದೇವೆ. 25 ಕಿಲೋಮೀಟರ್ ವೇಗ ಮೀರದಿದ್ದರೆ ನೋಂದಣಿ ಬೇಡ ಎನ್ನುತ್ತಾರಲ್ಲ?

ನಿರೀಕ್ಷಕರು: ಆ ವಿನಾಯಿತಿ ಕಡಿಮೆ ಶಕ್ತಿಯ, ಹಗುರವಾದ ಬ್ಯಾಟರಿ ದ್ವಿಚಕ್ರಗಳಿಗೆ ಮಾತ್ರ. ನಿಮ್ಮ ಬಗ್ಗಿ ಕಾಂಪೌಂಡಿನೊಳಗೆ ಇರಲಿ.

ಚಿಂತಾಮಣಿಯ ಸದಸ್ಯ: ಇದು ನನಗೆ ಬಂದ ಸಂದೇಶ, ಎಲ್ಲರಿಗೂ ಉಪಯೋಗವಾಗಲಿ: “20 ರೂಪಾಯಿ ಛಾಪಾಕಾಗದದಲ್ಲಿ ನೋಟರಿ ಅಫಿಡವಿಟ್ ಮಾಡಿಸಿ, ಹವ್ಯಾಸಿ ವಾಹನ ಎಂದು ಫಲಕ ಹಾಕಿಕೊಂಡರೆ ಯಾರೂ ತಡೆಯುವಂತಿಲ್ಲ.”

ನಿರೀಕ್ಷಕರು: ಇದು ಸುಳ್ಳು. ಹವ್ಯಾಸಿ ವಾಹನ ಎಂಬ ವರ್ಗವೇ ನಮ್ಮ ಕಾಯ್ದೆಯಲ್ಲಿಲ್ಲ. ನೋಂದಣಿಯಿಲ್ಲದೆ ಓಡಿಸುವುದನ್ನು 39ನೇ ಕಲಮು ನಿಷೇಧಿಸಿದೆ, ಅಫಿಡವಿಟ್ಟು ಕಾಯ್ದೆಯನ್ನು ಅಳಿಸಲಾರದು. ಅಪಘಾತದಲ್ಲಿ ಒಬ್ಬರು ಸತ್ತರೆ, ವಿಮಾ ಕಂಪನಿ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡುವಂತೆ ನ್ಯಾಯಾಲಯ ಆದೇಶಿಸಬಹುದು. ಆಗ ಹೋಗುವುದು ನಿಮ್ಮ ಹೊಲ, ಸಂದೇಶ ಕಳಿಸಿದವನದ್ದಲ್ಲ. ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ.

ಮಧುಗಿರಿಯ ಸದಸ್ಯ: 2019ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಮಾರ್ಪಾಡನ್ನೂ ನಿಷೇಧಿಸಿದೆ. ಹಾಗಿದ್ದ ಮೇಲೆ ಈ ಚರ್ಚೆಯೇ ವ್ಯರ್ಥ.

ಕೆಜಿಎಫ್ ಸದಸ್ಯ: ಪೂರ್ತಿ ಓದಿ ಮಾತಾಡಿ. ರಚನೆಯ ಬದಲಾವಣೆಗೂ ಅವಕಾಶವಿದೆ ಎಂದು ಕೇರಳ ಹೈಕೋರ್ಟ್ ಹೇಳಿದ್ದನ್ನು ಮಾತ್ರ ಅದು ತಳ್ಳಿಹಾಕಿತು. ಸಿಎನ್‌ಜಿ ಕಿಟ್ ಇವತ್ತಿಗೂ ಕೂರಿಸುತ್ತಿಲ್ಲವೇ? ಬ್ರಿಟನ್ನಿನಲ್ಲಿ 2025ರವರೆಗೆ ಉಳಿದ ಮೂಲ ಭಾಗಗಳಿಗೆ ಅಂಕ ಕೊಡುವ ಪದ್ಧತಿಯಿತ್ತು, ಎಂಟು ಅಂಕ ಬಂದರೆ ಹಳೆಯ ನಂಬರೇ ಉಳಿಯುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕೈಯಲ್ಲಿ ಕಟ್ಟಿದ 500 ಗಾಡಿಗಳಿಗೆ ಪ್ರತಿ ವರ್ಷ ವಿಶೇಷ ಅವಕಾಶವಿದೆ. ನಾವು ಕೇಳಬೇಕಾದದ್ದು ಅದನ್ನು.

ಮಧುಗಿರಿಯ ಸದಸ್ಯ: ಮೊದಲು ನಿಮ್ಮ ಬುಲೆಟ್ಟಿನ ಸೈಲೆನ್ಸರ್ ಸರಿಪಡಿಸಿ, ಆಮೇಲೆ ಕ್ಯಾಲಿಫೋರ್ನಿಯಾದ ಮಾತಾಡಿ.

ಕೆಜಿಎಫ್ ಸದಸ್ಯ: ವೈಯಕ್ತಿಕ ವಿಷಯಕ್ಕೆ ಬರಬೇಡಿ. ನಿಮ್ಮ ಜಿಪ್ಸಿಯ ಟೈರು ಮಡ್‌ಗಾರ್ಡಿನಿಂದ ಒಂದು ಗೇಣು ಹೊರಗಿರುವುದನ್ನು ಎಲ್ಲರೂ ನೋಡಿದ್ದಾರೆ.

ನಿರೀಕ್ಷಕರು: ತೀರ್ಪಿನ ವಿಷಯದಲ್ಲಿ ಕೆಜಿಎಫ್‌ನವರು ಹೇಳಿದ್ದು ಹೆಚ್ಚು ಸರಿ. ಇಂಧನ ಬದಲಿಸುವ ಅನುಮೋದಿತ ಕಿಟ್‌ಗಳಿಗೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಆದರೆ ಬ್ರಿಟನ್ನಿನ ಲೆಕ್ಕವನ್ನು ಪೂರ್ತಿ ಹೇಳಬೇಕು. ಅಲ್ಲಿ ಬದಲಾಗದ ಮೂಲ ಚಾಸಿಗೆ 5 ಅಂಕ ಇತ್ತು. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್‌ಗಳಿಗೆ ತಲಾ 2. ಎಂಜಿನ್ನಿಗೆ ಕೇವಲ 1. ಎಂಜಿನ್ ಬದಲಿಸಿದವನನ್ನು ಅವರು ಕ್ಷಮಿಸುತ್ತಿದ್ದರು. ಚಾಸಿ ಕತ್ತರಿಸಿದರೆ ಹಳೆಯ ನಂಬರು ಹೋಗುತ್ತಿತ್ತು, ಆ ಒಂದೇ ಗಾಡಿಯನ್ನು ಬಿಡಿಯಾಗಿ ಪರೀಕ್ಷಿಸಿ ‘ಕ್ಯೂ’ ಅಕ್ಷರದಿಂದ ಶುರುವಾಗುವ ಬೇರೆ ನಂಬರ್ ಕೊಡುತ್ತಿದ್ದರು. ಹವ್ಯಾಸಿಗೆ ಕೈಗೆಟುಕುವ ಅಂಥ ಬಿಡಿ ಪರೀಕ್ಷೆ ನಮ್ಮಲ್ಲಿಲ್ಲ ಎಂಬುದೇ ನನ್ನ ದೂರು. ಇಲ್ಲಿರುವುದು ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮದ ಮಾದರಿ ಪರೀಕ್ಷೆ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಗಳು ನಡೆಸುತ್ತವೆ. ಅದನ್ನು ರೂಪಿಸಿರುವುದು ಸಾವಿರಾರು ಗಾಡಿ ಮಾರುವ ಕಂಪನಿಗಳಿಗೆ, ಒಂದೇ ಗಾಡಿ ಕಟ್ಟುವವನಿಗಲ್ಲ.

ಶಿಡ್ಲಘಟ್ಟದ ಸದಸ್ಯ: ಹಳೆಯ ಮಾರುತಿ 800ಕ್ಕೆ ಎಲೆಕ್ಟ್ರಿಕ್ ಮೋಟಾರ್ ಕೂರಿಸಬಹುದೇ?

ನಿರೀಕ್ಷಕರು: ಎಐಎಸ್ 123 ಮಾನದಂಡದಂತೆ ಅನುಮೋದನೆ ಪಡೆದ ಕಿಟ್ಟನ್ನು, ಕಿಟ್ ತಯಾರಕರು ಅಧಿಕಾರ ಕೊಟ್ಟವರ ಕೈಯಿಂದಲೇ ಕೂರಿಸಿ, ಆರ್‌ಸಿಯಲ್ಲಿ ಇಂಧನದ ನಮೂದು ತಿದ್ದಿಸಿಕೊಳ್ಳಬೇಕು. ಬಿಡಿಭಾಗ ತರಿಸಿ ನೀವೇ ಜೋಡಿಸುವಂತಿಲ್ಲ.



ಕುಣಿಗಲ್‌ನ ಸದಸ್ಯ: ನೋಟರಿ ಅಫಿಡವಿಟ್ ಇದ್ದರೆ ಸಾಕಲ್ಲವೇ, ಸಾರ್?

ನಿರೀಕ್ಷಕರು: ಸಾಲದು. ಮೇಲೆ ಓದಿ.

ಬಂಗಾರಪೇಟೆಯ ಸದಸ್ಯ: ಬೇರೆ ರಾಜ್ಯದಲ್ಲಿ ಏಜೆಂಟರು ಇಂಥ ಗಾಡಿಗೆ ನೋಂದಣಿ ಮಾಡಿಸಿಕೊಡುತ್ತಾರಂತೆ.

ನಿರೀಕ್ಷಕರು: ಕಾಯ್ದೆ ಇಡೀ ದೇಶಕ್ಕೆ ಒಂದೇ. ಅಡ್ಡದಾರಿಯ ಪ್ರಶ್ನೆ ಇಲ್ಲಿ ಇದು ಮೂರನೆಯದು.

ಮಧುಗಿರಿಯ ಸದಸ್ಯ: ಕಷ್ಟಪಟ್ಟು ಕಟ್ಟಿದ ಹುಡುಗನಿಗೆ ಇಷ್ಟು ಹೆದರಿಸುವ ಅಗತ್ಯವಿರಲಿಲ್ಲ.

ನಿರೀಕ್ಷಕರು: ಹೆದರಿಸಬೇಕಾಗಿತ್ತು, ಹೆದರಿಸಿದ್ದೇನೆ. ಆ ತುಕ್ಕಿನ ಗೆರೆಯನ್ನು ನೀವು ನೋಡಿಲ್ಲ.

ಶಿರಾ ಗೇಟಿನ ಸದಸ್ಯ: ಸಾರ್, ನಂಬರಿದ್ದ ತುಂಡು ವರ್ಕ್‌ಶಾಪಿನ ಗುಜರಿ ರಾಶಿಯಲ್ಲಿ ಸಿಕ್ಕಿತು. ಅಂಕಿಗಳು ಪೂರ್ತಿ ಓದುವಂತಿವೆ. ಹಳೆಯ ಎಂಜಿನ್ನೂ ಅಲ್ಲೇ ಇದೆ. ಈಗಲೇ ಆ ತುಂಡನ್ನು ಬೆಸೆಯಿಸಲೇ?

ನಿರೀಕ್ಷಕರು: ಬೆಸೆಯಬೇಡಿ, ಉಜ್ಜಬೇಡಿ, ಬಣ್ಣವನ್ನೂ ಹಚ್ಚಬೇಡಿ. ತುಂಡಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಪೆನ್ಸಿಲ್ ಅಚ್ಚು ತೆಗೆದಿಡಿ, ಹಳೆಯ ಎಂಜಿನ್ ಮಾರಬೇಡಿ. ನಡೆದದ್ದನ್ನು ನಡೆದ ಹಾಗೆ ಬರೆದು ನೋಂದಣಿ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅವರು ಲಿಖಿತವಾಗಿ ಹೇಳುವವರೆಗೆ ಗಾಡಿಯನ್ನು ಮುಟ್ಟಬೇಡಿ. ಮೂಲರೂಪಕ್ಕೆ ತರಲು ಒಪ್ಪದಿದ್ದರೆ, ಲಾರಿಯ ಮೇಲೆ ಹೇರಿಕೊಂಡು ಹೋಗಿ ಬೇಲಿಯೊಳಗಿನ ಆಫ್ ರೋಡ್ ಸ್ಪರ್ಧೆಗಳಲ್ಲಿ ಓಡಿಸಬಹುದು. ಅರ್ಜಿಯ ಕರಡನ್ನು ನನಗೆ ಖಾಸಗಿಯಾಗಿ ಕಳಿಸಿ, ತಿದ್ದಿಕೊಡುತ್ತೇನೆ.