ಪದ ಬೇಕು: ಹಕ್ಕಿ ಕಣ್ಣಿಗೆ ಬೀಳದ ಬಟ್ಟೆಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ,

ಸ್ವಲ್ಪ ಅರ್ಜೆಂಟು. ಬಣ್ಣದ ಕೊಕ್ಕರೆ ನೋಡಲು ಶಾಲೆ ಮಕ್ಕಳನ್ನು ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವಲ್ಲ, ಅಲ್ಲಿಗೆ. ಯಾವ ಬಟ್ಟೆ ಹಾಕಬೇಕು ಅಂತ ಒಂದು ಫ್ಲೆಕ್ಸ್ ಮಾಡಿಸಬೇಕು, ನಾಳೆ ಬೆಳಗ್ಗೆ ಅಂಗಡಿಗೆ ಕೊಡಬೇಕು.

ನಾನು ಅನುವಾದ ಮಾಡುತ್ತಿರುವುದು ಅಮೆರಿಕದ ಹಕ್ಕಿ ಬೇಟೆಯ ಒಂದು ಬರಹ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಬೇಟೆಯ ಮಾತೇ ಬೇಡ, ಆದರೆ ಬಟ್ಟೆಯ ವಿಷಯ ಕ್ಯಾಮೆರಾ ಹಿಡಿದವರಿಗೂ ಒಂದೇ. ಅಲ್ಲಿ ಜಿಂಕೆ ಬೇಟೆಗೆ ಹೋಗುವವರು ಕಣ್ಣು ಕುಕ್ಕುವ ಕಿತ್ತಳೆ ಅಂಗಿ ಹಾಕುತ್ತಾರೆ. ಮನುಷ್ಯರಿಗೆ ದೂರದಿಂದಲೇ ಕಾಣುತ್ತದೆ, ಜಿಂಕೆಗೆ ಆ ಬಣ್ಣ ಎದ್ದು ಕಾಣುವುದಿಲ್ಲ. ಹಕ್ಕಿಗಳ ಹತ್ತಿರ ಈ ಆಟ ನಡೆಯಲ್ಲ. ಅವುಗಳ ಬಣ್ಣದ ಕಣ್ಣು ನಮಗಿಂತ ಚುರುಕು, ಎಷ್ಟೋ ಹಕ್ಕಿಗಳಿಗೆ ನೇರಳಾತೀತ ಬೆಳಕೂ ಕಾಣುತ್ತದೆ. ಅದಕ್ಕೇ ಸೋಪಿನ ಪುಡಿಯಲ್ಲಿ ಬಿಳುಪಿಗೆ ಅಂತ ಹಾಕುವ ಹೊಳಪು ಕೂಡ ಬೇಡ ಅನ್ನುವವರಿದ್ದಾರೆ. ಕಾಡು ಟರ್ಕಿ ಕೋಳಿಯ ಬೇಟೆಯಲ್ಲಂತೂ ಕೆಂಪು, ಬಿಳಿ, ನೀಲಿ ಹಾಕಲೇಬಾರದು. ಗಂಡು ಟರ್ಕಿಯ ತಲೆಯಲ್ಲಿ ಇದೇ ಮೂರು ಬಣ್ಣ. ಪಕ್ಕದ ಪೊದೆಯಲ್ಲಿ ಕೂತವನು ನಿಮಗೇ ಗುಂಡು ಹೊಡೆದಾನು!

ಎಲೆ, ತೊಗಟೆಯ ಚಿತ್ತಾರ ಇರುವ ಆ ಬಟ್ಟೆಗೆ ಒಂದು ಪದ ಕೊಡಿ. ನಿಘಂಟಿನಲ್ಲಿ 'ಛದ್ಮವೇಷ' ಸಿಕ್ಕಿತು. ಅದನ್ನು ಬರೆದರೆ ಮಕ್ಕಳು ಕಿತ್ತೂರು ಚೆನ್ನಮ್ಮನಾಗಿ ಬಂದು ನಿಲ್ಲುತ್ತಾರೆ.

– ತುಮಕೂರು

*

ಮರೆವೇಷ. ಮುಗೀತು.

– ಚಿಕ್ಕಬಳ್ಳಾಪುರ

*

> ಮರೆವೇಷ. ಮುಗೀತು.

ಮುಗಿದಿಲ್ಲ ಸ್ವಾಮಿ. 'ಮರೆ' ಕನ್ನಡ, 'ವೇಷ' ಸಂಸ್ಕೃತ. ಶುದ್ಧ ಅರಿಸಮಾಸ, ವ್ಯಾಕರಣ ಒಪ್ಪದ ಬೆರಕೆ. 'ಮರೆಯುಡುಗೆ' ಅನ್ನಿ. ಹಳಗನ್ನಡದಲ್ಲಿ ಇದು ಶಕಟರೇಫದ (ಈಗ ಬಳಕೆ ತಪ್ಪಿದ 'ಱ' ಅಕ್ಷರದ) 'ಮಱೆ', ತಮಿಳಿನ 'ಮಱೈ' ಜೊತೆಗೆ ಇಡಿ, ಬೇರು ತಾನೇ ಕಾಣುತ್ತದೆ. ಮರೆಯುವುದೂ ಶಕಟರೇಫದ್ದೇ. ಕಣ್ಣಿಗೆ ಮರೆಯಾದದ್ದು, ಮನಸ್ಸಿಗೆ ಮರೆತದ್ದು, ಎರಡೂ ಒಂದೇ ಬೇರಿನ ಚಿಗುರು ಅಂತ ನಾನು ಈ ಗುಂಪಿನಲ್ಲಿ ಹಿಂದೆಯೂ ಬರೆದಿದ್ದೆ. ಯಾರೂ ಓದಿಲ್ಲ ಅಂತ ಕಾಣುತ್ತದೆ.

ಇನ್ನು 'ನೇರಳಾತೀತ'. ಅದೂ ಅರಿಸಮಾಸವೇ.

– ಕೋಲಾರ

*

'ಮಾರುವೇಷ' ಕೂಡ ಅರಿಸಮಾಸ. ಕತೆಯ ರಾಜರೆಲ್ಲ ಅದರಲ್ಲೇ ಊರು ಸುತ್ತಿದರು, ಯಾರೂ ಸತ್ತಿಲ್ಲ. 'ಮರೆಯುಡುಗೆ' ಅಂದ್ರೆ ಮನೇಲಿ ಮರೆತು ಬಂದ ಬಟ್ಟೆ ಅನ್ಕೋತಾರೆ.

ನಮ್ಮ ಮನೆಮಾತು ತೆಲುಗು. ಹೊಂಚು ಹಾಕಿ ಕೂರುವುದಕ್ಕೆ ಅಜ್ಜ 'ಮಾಟು' ಅನ್ನುತ್ತಿದ್ದರು. ಈ ಕಡೆ ಕನ್ನಡದಲ್ಲೂ ಅದನ್ನು ಬಳಸಬಹುದು, ಅಲ್ವಾ?

– ಚಿಕ್ಕಬಳ್ಳಾಪುರ

*

ಬೇಡ. ಕನ್ನಡದ ಕಿವಿಗೆ ಅದು ಮಾಟಮಂತ್ರ. 'ಹೊಂಚು' ನಮ್ಮದೇ ಇರುವಾಗ ಗಡಿ ದಾಟುವುದು ಯಾಕೆ?

– ಕೋಲಾರ

*

ಪದ ಕೇಳಿದವನು ನಾನು, ನೆನಪಿದೆಯಾ? ನಮ್ಮೂರಲ್ಲಿ ಎಲ್ಲರೂ 'ಮಿಲ್ಟ್ರಿ ಬಟ್ಟೆ' ಅನ್ನುತ್ತಾರೆ. ಸಂತೆಯಲ್ಲಿ ಹಾಗೆ ಕೇಳಿದರೆ ತಕ್ಷಣ ತೆಗೆದು ಕೊಡುತ್ತಾರೆ. ಅದನ್ನೇ ಬರೆಯೋಣ ಅಂತಿದ್ದೆ, ಹೆಡ್‌ಮಾಸ್ಟರು 'ಮಿಲ್ಟ್ರಿ ಅಂದ್ರೆ ಮುದ್ದೆ, ಮಟನ್ ನೆನಪಾಗುತ್ತೆ' ಅಂತ ನಕ್ಕರು.

– ತುಮಕೂರು

*

ಮಿಲ್ಟ್ರಿ ಇಂಗ್ಲಿಷ್. ಬಿಡಿ. ಖಾಕಿ ಅನ್ನಿ, ಜನಕ್ಕೆ ಗೊತ್ತಿದೆ.

– ಕೋಲಾರ

*

ಭೇಷ್! 'ಖಾಕ್' ಅಂದ್ರೆ ಪಾರ್ಸಿಯಲ್ಲಿ ಧೂಳು, ಮಣ್ಣು. ಹಾಗಾದ್ರೆ ತೆಲುಗಿಗೆ ಮಾತ್ರ ಬಾಗಿಲು ಹಾಕಿದ್ದಾ? ನೀವು ಬಿಡದೆ ಬಳಸುವ 'ಬಣ್ಣ' ಕೂಡ 'ವರ್ಣ'ದ ತದ್ಭವ. ಅದನ್ನೂ ವಾಪಸ್ ಕಳಿಸಿ.

– ಚಿಕ್ಕಬಳ್ಳಾಪುರ

*

ತದ್ಭವ ಬೇರೆ, ಎರವಲು ಬೇರೆ. ಇಷ್ಟೂ ಗೊತ್ತಿಲ್ಲದವರ ಜೊತೆ ಚರ್ಚೆ ಇಲ್ಲ.

– ಕೋಲಾರ

*

ಫ್ಲೆಕ್ಸ್ ಅಂಗಡಿಗೆ ಹೋಗಿ ಬಂದೆ. 'ಎಲೆ ಬಣ್ಣದ, ಮಣ್ಣಿನ ಬಣ್ಣದ ಬಟ್ಟೆ ಹಾಕಿ. ಬಿಳಿ ಬೇಡ. ಅಲುಗಾಡಬೇಡಿ' ಅಂತ ಬರೆಸಿದೆ. ಯಾವ ಬಟ್ಟೆ ಹಾಕಿದರೂ ಕೈ ಬೀಸಿದ ತಕ್ಷಣ ಹಕ್ಕಿ ಹಾರುತ್ತದೆ. ಅದಕ್ಕೇ ಕೊನೆಯ ಮಾತನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದೇನೆ.

ಅನುವಾದಕ್ಕೆ ಮಾತ್ರ ಪದ ಇನ್ನೂ ಬೇಕು. ಬೇಟೆಗಾರರು ಸೊಪ್ಪು, ಜೊಂಡು ಹೊದಿಸಿ ಒಳಗೆ ಕೂರುವ ಸಣ್ಣ ಗುಡಿಸಲಿಗೂ ಒಂದು ಹೆಸರು ಹೇಳಿ. 'ಹೊಂಚುಗೂಡು' ಆಗುತ್ತಾ?

– ತುಮಕೂರು

*

'ಗೂಡು' ಹಕ್ಕಿಯದು.

– ಕೋಲಾರ